ಭ್ರಮಯಂತ್ರವೂ ಅದರ ಅಂತೇವಾಸಿಯೂ

೧

ಸಂಸ್ಕೃತ ಕಾವ್ಯಗಳನ್ನು ಪಾಠ ಹೇಳುವ ನಾವು ಶಿಲ್ಪಿಗಳ ಉಪಕರಣದ ಹೆಸರು ಬಂದೆಡೆಯಲ್ಲಿ ವ್ಯಾಖ್ಯಾನಕಾರನ ಮಾತನ್ನು ಉಚ್ಚರಿಸಿ ಮುಂದಕ್ಕೆ ಸಾಗುವುದು ವಾಡಿಕೆಯಾಗಿದೆ. ಉಪಕರಣವನ್ನು ಕಣ್ಣಾರೆ ಕಂಡು ಪದದ ಅರ್ಥವನ್ನು ನಿರ್ಣಯಿಸುವ ಪ್ರಸಂಗವು ವಿರಳ. ಅಂತಹ ಪ್ರಸಂಗವೊಂದು ಈ ಲೇಖಕನಿಗೆ ಅನಿರೀಕ್ಷಿತವಾಗಿ ಒದಗಿದುದರಿಂದ ಪ್ರಕೃತ ಲೇಖನವು ಹುಟ್ಟಿಕೊಂಡಿತು.

ಮಸ್ಕಿಯ ಬಡಗಿ ಮನೆತನದ ತರುಣನೊಬ್ಬನು ಮರವನ್ನು ತಿರುಗಿಸಿ ಕಡೆಯುವ ವಿದ್ಯೆಯನ್ನು ಕಲಿಯಲು ಬಯಸಿದನು. ಬಾಗಿಲು, ಚೌಕಟ್ಟು, ಪೆಟ್ಟಿಗೆಗಳ ಕೆಲಸವು ಅವನಿಗೆ ಕೈವಶವಾಗಿತ್ತು. ತೊಟ್ಟಿಲ ಗೂಟ, ಮಂಚದ ಕಾಲು, ಲಟ್ಟಣಿಗೆ, ಕಡೆಗೋಲುಗಳಂತಹ ದುಂಡನೆಯ ಕೆಲಸವು ಮಾತ್ರ ತಿಳಿಯದು. ಹೊಸ ಯಂತ್ರಕ್ಕೆ ಹಣ ಸಾಲದೆ, ಒಬ್ಬರು ಬಳಸಿ ಬಿಟ್ಟ ಯಂತ್ರವನ್ನು ಹುಡುಕುತ್ತ ಅವನು ಒಂದು ದಿಕ್ಕಿನಲ್ಲಿ ಸಿಂಧನೂರಿಗೂ ಮತ್ತೊಂದು ದಿಕ್ಕಿನಲ್ಲಿ ಲಿಂಗಸೂಗೂರಿಗೂ ತಿರುಗುತ್ತಿದ್ದನು. ಕ್ರಯಪತ್ರವನ್ನು ಬರೆದುಕೊಡಬೇಕೆಂದು ಅವನ ತಂದೆಯವರು ಕೇಳಿದ್ದರಿಂದ ಈ ಲೇಖಕನೂ ಜೊತೆಯಲ್ಲಿ ಹೋದನು. ಆ ಪ್ರಯಾಣದಲ್ಲಿ ಎರಡು ಪ್ರಶ್ನೆಗಳು ಮನಸ್ಸಿಗೆ ಬಂದವು. ಪೂರ್ವಿಕರು ‘ಭ್ರಮ’ವೆಂದು ಕರೆದ ಯಂತ್ರವು ಯಾವುದು? ಅಂತಹ ಯಂತ್ರವನ್ನು ಹೊಸಬನೊಬ್ಬನು ಕೊಂಡಾಗ ಅವನು ವಸ್ತುತಃ ಕೊಳ್ಳುವುದೇನು? ಮೊದಲನೆಯದಕ್ಕೆ ಉತ್ತರ ದೊರೆಯದೆ ಎರಡನೆಯದಕ್ಕೆ ದೊರೆಯದೆಂದು ತೋರಿದುದರಿಂದ ಇಲ್ಲಿ ಅವೆರಡನ್ನೂ ಕ್ರಮವಾಗಿ ವಿಚಾರಿಸಲಾಗಿದೆ.

೨

ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರಕ್ಕೆ ಬಂದ ಅವಂತಿರಾಜನನ್ನು ವರ್ಣಿಸುತ್ತ ಕಾಳಿದಾಸನು ಅವನನ್ನು ತ್ವಷ್ಟೃವು ‘ಚಕ್ರಭ್ರಮ’ದ ಮೇಲೇರಿಸಿ ‘ಉಲ್ಲಿಖಿತ’ನನ್ನಾಗಿ ಮಾಡಿದ ಸೂರ್ಯನಿಗೆ ಹೋಲಿಸುತ್ತಾನೆ. ಮಲ್ಲಿನಾಥನು ಚಕ್ರಭ್ರಮವನ್ನು ಚಕ್ರಾಕಾರವಾದ, ಶಸ್ತ್ರಗಳನ್ನು ಮಸೆಯುವ ಯಂತ್ರವೆಂದು ವಿವರಿಸುತ್ತಾನೆ. ಅದರಂತೆಯೇ ಈ ಲೇಖಕನೂ ಬಹು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ಸಾಣೆಯ ಚಕ್ರವೆಂದು ಹೇಳುತ್ತ ಬಂದನು. ಈಗ ಆ ಅರ್ಥವು ಅಸಮರ್ಪಕವೆಂದು ಒಪ್ಪಿಕೊಳ್ಳಬೇಕಾಗಿದೆ.

ಕಾರಣವನ್ನು ಪೌರಾಣಿಕ ಕಥೆಯಲ್ಲಿಯೇ ಕಾಣಬಹುದು. ಪತಿಯ ತೇಜಸ್ಸನ್ನು ತಾಳಲಾರದ ಸಂಜ್ಞೆಯ ಸಲುವಾಗಿ ವಿಶ್ವಕರ್ಮನು ಸೂರ್ಯನನ್ನು ಭ್ರಮಿಯ ಮೇಲೇರಿಸಿ ಅವನ ತೇಜಸ್ಸಿನ ಎಂಟನೆಯ ಒಂದು ಭಾಗವನ್ನು ತೆಗೆದನೆಂದು ವಿಷ್ಣುಪುರಾಣದ ಮೂರನೆಯ ಅಂಶದಲ್ಲಿದೆ. ತೆಗೆದ ಭಾಗವು ವ್ಯರ್ಥವಾಗಲಿಲ್ಲ. ಅದರಿಂದ ವಿಷ್ಣುವಿನ ಚಕ್ರ, ಶಿವನ ತ್ರಿಶೂಲ, ಕುಬೇರನ ಶಿಬಿಕೆ, ಕಾರ್ತಿಕೇಯನ ಶಕ್ತ್ಯಾಯುಧಗಳು ನಿರ್ಮಿತವಾದವು. ಸಾಣೆಗೆ ಹಿಡಿದ ವಸ್ತುವಿನಿಂದ ಉದುರುವುದು ಧೂಳು. ಧೂಳಿನಿಂದ ಮತ್ತೊಂದು ವಸ್ತುವನ್ನು ಮಾಡಲಾಗದು. ತಿರುಗುವ ವಸ್ತುವಿಗೆ ಉಳಿಯನ್ನು ಹಿಡಿದಾಗ ಮಾತ್ರ ಸಿಪ್ಪೆಸಿಪ್ಪೆಯಾಗಿ ದ್ರವ್ಯವು ಬಿಡಿಸಿಕೊಂಡು ಬರುತ್ತದೆ. ಇದಲ್ಲದೆ ಸಾಣೆಯಲ್ಲಿ ತಿರುಗುವುದು ಕಲ್ಲು, ಸ್ಥಿರವಾಗಿರುವುದು ಕೆಲಸದ ವಸ್ತು. ಕಥೆಯಲ್ಲಿಯೋ ತಿರುಗುವವನು ಸೂರ್ಯನೇ. ಏಕೆಂದರೆ ಅವನನ್ನೇ ಭ್ರಮಿಯ ಮೇಲೆ ಏರಿಸಲಾಗಿದೆ. ತಿರುಗುವ ವಸ್ತು, ಸ್ಥಿರವಾದ ಉಳಿ ಎಂಬ ಈ ಲಕ್ಷಣವು ಇಂದು ಲೇತು ಎಂದು ಕರೆಯಲ್ಪಡುವ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ. ನಿಘಂಟುಗಳಲ್ಲಿಯೂ ಭ್ರಮಶಬ್ದಕ್ಕೆ ಭ್ರಾಂತಿಯೆಂಬ ಅರ್ಥದೊಡನೆ ಶಿಲ್ಪಿಗಳ ಯಂತ್ರವೆಂಬ ಅರ್ಥವು ಉಕ್ತವಾಗಿದೆ. ಅದಕ್ಕೆ ಕುಂದವೆಂಬ ಇನ್ನೊಂದು ಹೆಸರೂ ಉಂಟು.

ಮಲ್ಲಿನಾಥನ ವಿಷಯದಲ್ಲಿ ಅನಾದರವನ್ನು ತೋರುವುದು ಇಲ್ಲಿಯ ಉದ್ದೇಶವಲ್ಲ. ಶಸ್ತ್ರಗಳನ್ನು ಮಸೆಯುವ ಚಕ್ರವು ಅವನ ಕಾಲದ ರಾಜಧಾನಿಗಳಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ವಸ್ತುವಾಗಿರಬೇಕು. ಬಡಗಿಯ ಕೇರಿಯ ಭ್ರಮವು ಹಾಗಲ್ಲ. ಕಂಡುದನ್ನು ಹಿಡಿದು ಕಾಣದುದನ್ನು ವಿವರಿಸುವುದು ವ್ಯಾಖ್ಯಾನಕಾರರಿಗೆ ಸಹಜವಾದ ಮಾರ್ಗವೇ ಆಗಿದೆ.

೩

ಈ ನಿರ್ಣಯಕ್ಕೆ ಬಲವಾದ ಸಾಕ್ಷ್ಯವು ಪಾಲಿ ವಾಙ್ಮಯದಲ್ಲಿ ದೊರೆಯುತ್ತದೆ. ಮಜ್ಝಿಮನಿಕಾಯದ ಸತಿಪಟ್ಠಾನಸುತ್ತದಲ್ಲಿ ಉಸಿರಾಟವನ್ನು ಗಮನಿಸುವ ಭಿಕ್ಷುವಿಗೆ ಒಂದು ದೃಷ್ಟಾಂತವನ್ನು ಕೊಡಲಾಗಿದೆ. ನಿಪುಣನಾದ ‘ಭಮಕಾರ’ನಾಗಲಿ ಅವನ ಅಂತೇವಾಸಿಯಾಗಲಿ ಹಗ್ಗವನ್ನು ನೀಳವಾಗಿ ಎಳೆಯುವಾಗ ನೀಳವಾಗಿ ಎಳೆಯುತ್ತಿರುವೆನೆಂದೂ, ಗಿಡ್ಡವಾಗಿ ಎಳೆಯುವಾಗ ಗಿಡ್ಡವಾಗಿ ಎಳೆಯುತ್ತಿರುವೆನೆಂದೂ ಅರಿತಿರುವಂತೆ ಭಿಕ್ಷುವು ತನ್ನ ಉಸಿರನ್ನು ಅರಿಯಬೇಕು ಎಂಬುದು ಅದರ ತಾತ್ಪರ್ಯ. ಭಮಕಾರನೆಂದರೆ ಭ್ರಮಕಾರ, ಅರ್ಥಾತ್ ತಿರುಗಿಸಿ ಕಡೆಯುವವನು. ಅವನ ಯಂತ್ರವು ಎಳೆದು ನಡೆಸುವಂತಹದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕ್ರಿಸ್ತಶಕ ಐದನೆಯ ಶತಮಾನದ ಬುದ್ಧಘೋಷನು ತನ್ನ ಅಟ್ಠಕಥೆಯಲ್ಲಿ ಇದನ್ನು ಮತ್ತಷ್ಟು ಬಿಡಿಸಿದ್ದಾನೆ. ಭೇರಿಯಂತಹ ದೊಡ್ಡ ವಸ್ತುಗಳ ಕೆಲಸದಲ್ಲಿ ಕೈಕಾಲುಗಳೆರಡನ್ನೂ ಚಾಚಿ ನೀಳವಾಗಿ ಎಳೆಯುವುದು. ದಂತದ ಸೂಜಿಯಂತಹ ಚಿಕ್ಕ ವಸ್ತುಗಳ ಕೆಲಸದಲ್ಲಿ ಮೆಲ್ಲಮೆಲ್ಲನೆ ಗಿಡ್ಡವಾಗಿ ಎಳೆಯುವುದು. ಕೈಯೊಡನೆ ಕಾಲನ್ನೂ ಹೇಳಿರುವುದನ್ನು ಗಮನಿಸಬೇಕು. ಯಂತ್ರವನ್ನು ಬಲ್ಲವನ ಮಾತಿದು. ಈ ಕೆಲಸಕ್ಕೆ ಬುದ್ಧಘೋಷನು ಬಳಸಿರುವ ಪದವು ‘ಲಿಖನ’. ಕಾಳಿದಾಸನ ಪದವು ‘ಉಲ್ಲಿಖಿತ’. ಎರಡೂ ಗೀಚುವುದು, ಕೆರೆಯುವುದು ಎಂಬರ್ಥದ ಲಿಖ ಧಾತುವಿನವು. ಭ್ರಮದ ಮೇಲೆ ಮಾಡುವ ಕೆಲಸಕ್ಕೆ ಲಿಖ ಧಾತುವೇ ಶಿಲ್ಪಿಗಳ ರೂಢಿಯ ಮಾತಾಗಿತ್ತೆಂದು ಇದರಿಂದ ಊಹಿಸಬಹುದಾಗಿದೆ. ಹೀಗಿರಲಾಗಿ ರಘುವಂಶದ ಚಕ್ರಭ್ರಮವು ಸಾಣೆಯಲ್ಲ, ಕಡೆಯುವ ಯಂತ್ರವೇ ಎಂದು ಹೇಳುವುದು ಯುಕ್ತ.

ಈ ಯಂತ್ರದ ರೂಪವನ್ನು ಕಣ್ಣಿಗೆ ಕಟ್ಟಿಕೊಡುವ ಪ್ರಾಚೀನ ಚಿತ್ರವೊಂದು ಈಜಿಪ್ತ ದೇಶದಲ್ಲಿದೆ. ಕ್ರಿಸ್ತಪೂರ್ವ ೩೦೦ರ ಸುಮಾರಿನ ಪೆಟೊಸಿರಿಸನೆಂಬ ಅರ್ಚಕನ ಸಮಾಧಿಯ ಗೋಡೆಯಲ್ಲಿ ಇಬ್ಬರು ಶಿಲ್ಪಿಗಳು ಕೆತ್ತಲ್ಪಟ್ಟಿದ್ದಾರೆ. ಒಬ್ಬನು ಹಗ್ಗವನ್ನು ಎಳೆಯುತ್ತಾನೆ, ಮತ್ತೊಬ್ಬನು ಉಳಿಯನ್ನು ಹಿಡಿದಿದ್ದಾನೆ. ಅಶೋಕನ ಕಾಲಕ್ಕೆ ಅತಿ ದೂರವಲ್ಲದ ಚಿತ್ರವಿದು.

೪

ಇನ್ನು ನಮ್ಮ ಭಾಷೆಯ ಮಾತಿಗೆ ಬರೋಣ. ಈ ಯಂತ್ರಕ್ಕೆ ಕನ್ನಡ ನಿಘಂಟುಗಳು ಕೊಡುವ ಹೆಸರು ಕಡಸಲು. ಕಂಬವನ್ನು ಕಡೆಯುವುದಕ್ಕೂ ಮೊಸರನ್ನು ಕಡೆಯುವುದಕ್ಕೂ ನಮ್ಮಲ್ಲಿ ಮಾತು ಒಂದೇ. ಇದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ಕಡೆಗೋಲಿಗೆ ಹಗ್ಗವನ್ನು ಸುತ್ತಿ ಎರಡು ಕೈಗಳಿಂದ ಸರದಿಯಾಗಿ ಎಳೆದರೆ ಕೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುತ್ತದೆ. ಹಳೆಯ ಕಡಸಲಿನಲ್ಲಿಯೂ ಎರಡು ಮೊನೆಗಳ ನಡುವೆ ನಿಂತ ಮರಕ್ಕೆ ಹಗ್ಗವನ್ನು ಸುತ್ತಿ ಎಳೆದಾಗ ಮರವು ಹಾಗೆಯೇ ಹಿಂದುಮುಂದಾಗಿ ತಿರುಗುತ್ತದೆ. ಮಂಥನದಲ್ಲಿ ಎರಡು ಗತಿಗಳೂ ಪ್ರಯೋಜನಕ್ಕೆ ಬರುತ್ತವೆ. ಕಡಸಲಿನಲ್ಲಿ ಮರವು ಉಳಿಯ ಕಡೆಗೆ ಬರುವ ಗತಿಯಲ್ಲಿ ಮಾತ್ರ ಉಳಿಯು ಕಚ್ಚುತ್ತದೆ, ಮರಳುವ ಗತಿಯಲ್ಲಿ ಉಳಿಯನ್ನು ಸ್ವಲ್ಪ ಹಿಂದೆಗೆಯಬೇಕು. ಉಸಿರಾಟಕ್ಕೆ ಸುತ್ತಕಾರನು ಈ ಯಂತ್ರವನ್ನೇ ದೃಷ್ಟಾಂತವಾಗಿ ಆರಿಸಿದುದರ ಔಚಿತ್ಯವು ಈಗ ತಿಳಿಯುತ್ತದೆ. ಒಳಕ್ಕೂ ಹೊರಕ್ಕೂ ಸರದಿಯಾಗಿ ನಡೆಯುವ ಉಸಿರಿಗೆ, ಒಂದೇ ದಿಕ್ಕಿಗೆ ಸುತ್ತುವ ಕುಂಬಾರನ ಚಕ್ರವು ಹೋಲಿಕೆಯಾಗಲಾರದು.

ಕಲ್ಲಿನಲ್ಲಿ ಈ ವಿದ್ಯೆಯ ಪರಾಕಾಷ್ಠೆಯನ್ನು ನೋಡಬಯಸುವವರು ಲಿಂಗಸೂಗೂರಿನಿಂದ ನೈಋತ್ಯಕ್ಕೆ ಇಟಗಿಯವರೆಗೆ ಹೋದರೆ ಸಾಕು. ೧೯೯೭ರವರೆಗೆ ರಾಯಚೂರು ಜಿಲ್ಲೆಗೆ ಸೇರಿ, ಅನಂತರ ಕೊಪ್ಪಳ ಜಿಲ್ಲೆಯಲ್ಲಿರುವ ಈ ಗ್ರಾಮದ ಮಹಾದೇವ ದೇವಾಲಯವನ್ನು ಕ್ರಿಸ್ತಶಕ ೧೧೧೨ರಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದನು. ಶಾಸನವು ಅದನ್ನು ದೇವಾಲಯ ಚಕ್ರವರ್ತಿಯೆಂದು ಹೊಗಳುತ್ತದೆ. ಅಲ್ಲಿಯ ಕಂಬಗಳ ಮೇಲೆ ಕೂದಲೆಳೆಯಂತಹ ಸಮವಾದ ಸುತ್ತುಗೆರೆಗಳಿವೆ. ಹಗ್ಗದಿಂದ ಎಳೆದು ತಿರುಗಿಸುವುದಕ್ಕೆ ಇಂತಹ ಶಿಲೆಯು ವಶವಾಗದು. ಕಂಬವನ್ನು ನೆಟ್ಟಗೆ ಚಕ್ರದ ಮೇಲೆ ನಿಲ್ಲಿಸಿ ತಿರುಗಿಸುತ್ತ ಉಳಿಯನ್ನು ಹಿಡಿದಿರಬೇಕೆಂಬುದು ವಾಸ್ತುಶಾಸ್ತ್ರಜ್ಞರಲ್ಲಿ ಪ್ರಚಲಿತವಾದ ಒಂದು ಅಭಿಪ್ರಾಯ. ಬಳಪದ ಕಲ್ಲು ಮೃದುವಾದುದರಿಂದ ಅದು ಸಾಧ್ಯವಾಯಿತು. ವಿಧಾನವು ಯಾವುದೇ ಆಗಿರಲಿ, ಕಂಬದ ಉಬ್ಬು ತಗ್ಗುಗಳು ಮರದ ಕಡಸಲಿನಿಂದ ಬಂದ ರೂಪಗಳೇ. ಮಂಚದ ಕಾಲನ್ನು ಆ ಕಂಬದ ಪಕ್ಕದಲ್ಲಿಟ್ಟು ನೋಡಿದವರಿಗೆ ಇದನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕಾಗಿಲ್ಲ.

೫

ಎರಡನೆಯ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಹಗ್ಗದ ಕಡಸಲೆಂದರೆ ಮರದ ಎರಡು ಗುಟ್ಟಗಳು, ಅವುಗಳಿಗೆ ಹೊಡೆದ ಎರಡು ಕಬ್ಬಿಣದ ಮೊನೆಗಳು, ಉಳಿಯನ್ನು ಊರುವುದಕ್ಕೆ ಒಂದು ಅಡ್ಡಪಟ್ಟಿ, ಹಗ್ಗ, ಇಷ್ಟೇ. ಬಡಗಿಯು ಅದನ್ನು ಬೇಕಾದೆಡೆಯಲ್ಲಿ ತಾನೇ ಹೂಡಿಕೊಳ್ಳಬಲ್ಲನು. ಅದರಲ್ಲಿ ಮಾರುವುದಕ್ಕೂ ಕೊಳ್ಳುವುದಕ್ಕೂ ಯೋಗ್ಯವಾದ ಭಾಗವೇ ಇಲ್ಲವೆನ್ನಬಹುದು. ಗುರುವಿನಿಂದ ಅಂತೇವಾಸಿಗೆ ಬರುತ್ತಿದ್ದುದು ಯಂತ್ರವಲ್ಲ, ಕೈಯ ಹದ ಮತ್ತು ಉಳಿಯ ಮಸೆತ. ಆದಕಾರಣ ‘ಬಳಸಿದ ಕಡಸಲನ್ನು ಕೊಳ್ಳುವುದು’ ಎಂಬ ಮಾತಿಗೆ ಹಿಂದಿನ ಕಾಲದಲ್ಲಿ ಹೆಚ್ಚಿನ ಅರ್ಥವೇ ಇದ್ದಿರಲಾರದು.

ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುವ ಯಂತ್ರವು ಬಂದಾಗ ಈ ಸ್ಥಿತಿಯು ಬದಲಾಯಿತು. ಕಾಲಿನಿಂದ ತುಳಿದು ನಡೆಸುವ, ಭಾರವಾದ ಗಾಲಿಯುಳ್ಳ ಕಡಸಲಿನ ರೇಖಾಚಿತ್ರವು ಲಿಯೊನಾರ್ಡೊ ದ ವಿಂಚಿಯ ಹಸ್ತಪ್ರತಿಗಳಲ್ಲಿದೆ. ೧೮೦೦ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆಯು ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ, ತಿರುಪಿನ ಮೇಲೆ ಸರಿಯುವ ಗಾಡಿಗೆ ಕಟ್ಟಿದನು. ಕಬ್ಬಿಣವನ್ನು ಕಡೆಯುವ ಲೇತು ಹೀಗೆ ಪಕ್ವವಾಯಿತು. ಅಂದಿನಿಂದ ಮರದ ಲೇತು, ಕಬ್ಬಿಣದ ಲೇತು ಎಂದು ಎರಡು ಶಾಖೆಗಳಾದವು. ಮರದ ಲೇತಿನಲ್ಲಿ ಉಳಿಯು ಇಂದಿಗೂ ಕೈಯಲ್ಲಿಯೇ ಇದೆ. ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ ಮೊದಲು ತಯಾರಿಸಿದ್ದು ಕಬ್ಬಿಣದ ಲೇತನ್ನೇ.

ಈ ಪರಿವರ್ತನೆಯ ನಡುವೆಯೂ ಹಳೆಯ ಪದ್ಧತಿಯನ್ನು ಬಿಡದೆ ಉಳಿದುದಕ್ಕೆ ಚನ್ನಪಟ್ಟಣವು ನಿದರ್ಶನ. ಅಲ್ಲಿಯ ಶಿಲ್ಪಿಗಳು ಹಾಲೆಮರವನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖದಿಂದಲೇ ಅರಗು ಕರಗಿ ಬಣ್ಣವಾಗಿ ಹತ್ತಿಕೊಳ್ಳುತ್ತದೆ. ಅನಂತರ ಒಣಗಿದ ಗರಿಯಿಂದ ತಿಕ್ಕಿ ಹೊಳಪನ್ನು ಬರಿಸುತ್ತಾರೆ. ಟಿಪ್ಪುಸುಲ್ತಾನನು ಪಾರಸಿಕ ಶಿಲ್ಪಿಗಳನ್ನು ಕರೆಸಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂಬುದು ಐತಿಹ್ಯ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಇದೇ ಕುಲಕ್ಕೆ ಸೇರಿದವು. ನಮ್ಮ ತರುಣನ ಮನಸ್ಸಿನಲ್ಲಿದ್ದುದೂ ಅಂತಹ ತೊಟ್ಟಿಲೇ.

೬

ಸಿಂಧನೂರಿನಲ್ಲಿ ಅವನಿಗೆ ಮೊದಲು ತೋರಿಸಿದ ಯಂತ್ರವು ಕಬ್ಬಿಣದ ಲೇತಾಗಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಸೀಮೆಯಾದ ಆ ಊರಿನಲ್ಲಿ ಅಕ್ಕಿಯ ಗಿರಣಿ, ಟ್ರ್ಯಾಕ್ಟರುಗಳ ದುರಸ್ತಿಗಾಗಿ ಇರುವ ಲೇತುಗಳು ಕಬ್ಬಿಣದವೇ. ಬೆಲೆಯು ಕಡಿಮೆ, ಯಂತ್ರವು ಗಟ್ಟಿ, ತರುಣನು ಮನಸೋತಿದ್ದನು. ಆದರೆ ಅದರ ವೇಗವು ಸಣ್ಣ ಮರವನ್ನು ನುಣುಪಾಗಿ ಕಡೆಯುವುದಕ್ಕೆ ಸಾಲದು; ಕೈಯುಳಿಯನ್ನು ಊರುವ ಆಸರೆಯಿಲ್ಲ; ಮರದ ಪುಡಿಯು ಎಣ್ಣೆಯೊಡನೆ ಬೆರೆತು ಗಾಡಿಯ ಜಾರುಪಟ್ಟಿಯನ್ನು ಕೆಡಿಸುತ್ತದೆ. ಹೆಸರೊಂದೇ ಆದರೂ ವಸ್ತು ಬೇರೆ. ಪದಸಾಮ್ಯದಿಂದ ಮೋಸಹೋಗುವುದು ಪಂಡಿತರಿಗೆ ಮಾತ್ರ ಮೀಸಲಲ್ಲವೆಂದು ಅಂದು ತಿಳಿಯಿತು.

ಎರಡನೆಯದು ಲಿಂಗಸೂಗೂರಿನಲ್ಲಿ, ಮುಚ್ಚಿಹೋದ ಒಂದು ಮರಗೆಲಸದ ಅಂಗಡಿಯಲ್ಲಿದ್ದ ಮರದ ಲೇತು. ಮಾರುವವನು ಅದನ್ನು ಓಡಿಸಿ ತೋರಿಸಿದನು, ಸದ್ದೇ ಇರಲಿಲ್ಲ. ಹಿಂದೆ ಆ ಅಂಗಡಿಯಲ್ಲಿ ಮಂಚದ ಕಾಲುಗಳನ್ನು ಕಡೆಯುತ್ತಿದ್ದ ವೃದ್ಧರೊಬ್ಬರು ಅಲ್ಲಿಗೆ ಬಂದಿದ್ದರು. ಅವರು ತರುಣನನ್ನು ಹತ್ತಿರಕ್ಕೆ ಕರೆದು, “ತಮ್ಮಾ, ಓಡೋ ಮಷಿನ್ ನೋಡಬ್ಯಾಡ, ನಿಂತ ಮಷಿನ್ ನೋಡು” ಎಂದರು. ಕರೆಂಟನ್ನು ತೆಗೆಸಿ, ಪಟ್ಟಿಯನ್ನು ಸಡಿಲಿಸಿ, ತಿರುಗುವ ಅಚ್ಚನ್ನು ಎರಡು ಕೈಗಳಿಂದ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಾಡಿಸುವಂತೆ ಹೇಳಿದರು. ಅಚ್ಚು ಅಲುಗಿತು. ಸವೆದ ಬೇರಿಂಗಿಗೆ ಗ್ರೀಸನ್ನು ದಟ್ಟವಾಗಿ ತುಂಬಿ ಸದ್ದನ್ನು ಅಡಗಿಸಲಾಗಿತ್ತು.

ಆಮೇಲೆ ಅವರು ಒಂದೊಂದಾಗಿ ತೋರಿಸಿದ ಪರೀಕ್ಷೆಗಳನ್ನು ಇಲ್ಲಿ ಸಂಗ್ರಹಿಸುವುದು ಅಪ್ರಸ್ತುತವಾಗದು. ಬಲಬದಿಯ ತಲೆಯನ್ನು ಎಡಬದಿಯ ತಲೆಯ ಹತ್ತಿರಕ್ಕೆ ಸರಿಸಿದಾಗ ಎರಡು ಮೊನೆಗಳು ಒಂದಕ್ಕೊಂದು ಎದುರಾಗಿ ಮುಟ್ಟಬೇಕು. ಇಲ್ಲಿ ಅವು ಜೋಳದ ಕಾಳಿನಷ್ಟು ಅತ್ತಿತ್ತ ಇದ್ದವು. ಮೊನೆಗಳನ್ನು ಕೂರಿಸುವ ಇಳಿಜಾರಿನ ರಂಧ್ರವು ೧೮೬೦ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಮೋರ್ಸನು ಗೊತ್ತುಪಡಿಸಿದ ಅಳತೆಯದಾಗಿದ್ದರೆ ಬೇರೆ ಮೊನೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಊರ ಕಮ್ಮಾರನ ಅಳತೆಯದಾಗಿದ್ದರೆ ಪ್ರತಿಸಲವೂ ಹೊಸದಾಗಿ ಮಾಡಿಸಬೇಕು. ಅಚ್ಚಿನ ತುದಿಯ ತಿರುಪಿನ ಹಲ್ಲುಗಳು ಮುರಿದಿರಬಾರದು. ಉಳಿಯ ಆಸರೆಯಲ್ಲಿ ಬಿದ್ದಿರುವ ಕಚ್ಚುಗಳನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಅದಕ್ಕಾಗಿ ಯಂತ್ರವನ್ನು ಬಿಡಬೇಕಾಗಿಲ್ಲ. ಮೋಟಾರು ಮನೆಯ ಕರೆಂಟಿಗೆ ಒಗ್ಗುವುದೋ ಮೂರು ತಂತಿಯದೋ ಎಂದು ಮೊದಲೇ ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಅತಿ ನಿಧಾನದ ವೇಗ. ಹೊಸಬರು ಯಂತ್ರವು ಎಷ್ಟು ಜೋರಾಗಿ ಓಡುತ್ತದೆಂದು ಕೇಳುತ್ತಾರೆ. ಎಷ್ಟು ನಿಧಾನವಾಗಿ ಓಡುತ್ತದೆಂದು ಕೇಳಬೇಕು. ಇದರ ಲೆಕ್ಕವು ಸುಲಭ. ನಿಮಿಷಕ್ಕೆ ೧೦೦೦ ಸುತ್ತು ತಿರುಗುವ ಯಂತ್ರದಲ್ಲಿ ೧೦೦ ಮಿಲಿಮೀಟರ್ ವ್ಯಾಸದ ಮರದ ಅಂಚು ನಿಮಿಷಕ್ಕೆ ಸುಮಾರು ೩೧೪ ಮೀಟರ್ ದೂರ ಸಾಗುತ್ತದೆ. ವ್ಯಾಸವು ೩೦೦ ಮಿಲಿಮೀಟರ್ ಆದರೆ ೯೪೨ ಮೀಟರ್. ಇನ್ನೂ ದುಂಡಾಗದ, ಒಂದು ಮಗ್ಗುಲು ಭಾರವಾದ ಮರದ ತುಂಡು ಆ ವೇಗದಲ್ಲಿ ಮೊನೆಯಿಂದ ಕಳಚಿದರೆ ಎದುರಿಗೆ ನಿಂತವನ ಮುಖಕ್ಕೆ ಹಾರುತ್ತದೆ. ವೃದ್ಧರು ತಮ್ಮ ಹುಬ್ಬಿನ ಮೇಲಿನ ಗಾಯದ ಗುರುತನ್ನು ತೋರಿಸಿ ಈ ಪಾಠವನ್ನು ಮುಗಿಸಿದರು.

ವ್ಯಾಪಾರವು ಹೀಗೆ ಕುದುರಿತು. ಬೇರಿಂಗುಗಳನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯುವುದು. ಬಲಬದಿಯ ತಲೆಯ ಕೆಳಗೆ ತಗಡನ್ನು ಕೊಟ್ಟು ಮೊನೆಗಳನ್ನು ಸರಿಹೊಂದಿಸುವುದು. ಅಂಗಡಿಯಲ್ಲಿ ಉಳಿದಿದ್ದ ಹಳೆಯ ಉಳಿಗಳನ್ನು ಯಂತ್ರದೊಡನೆಯೇ ಕೊಡುವುದು. ಕ್ರಯಪತ್ರವನ್ನು ಬರೆಯುತ್ತಿರುವಾಗ ತರುಣನು ತಾನಾಗಿಯೇ ಮತ್ತೊಂದು ಮಾತನ್ನು ಸೇರಿಸಿದನು. ವೃದ್ಧರು ಒಂದು ತಿಂಗಳು ಮಸ್ಕಿಗೆ ಬಂದು ಕಲಿಸಿಕೊಡಬೇಕು. ಅದಕ್ಕೆ ಪ್ರತ್ಯೇಕವಾಗಿ ಕೊಡುವೆನು ಎಂದನು. ವೃದ್ಧರು ಬರಲು ಒಪ್ಪಿದರು. ಆದರೆ ಅದನ್ನು ಪತ್ರದಲ್ಲಿ ಬರೆಯಬಾರದೆಂದರು. ಯಂತ್ರದ ಲೆಕ್ಕ ಬೇರೆ, ಕಲಿಸುವುದರ ಲೆಕ್ಕ ಬೇರೆ ಎಂಬುದು ಅವರ ಅಭಿಪ್ರಾಯವಾಗಿತ್ತು.

೭

ಮಸ್ಕಿಗೆ ಮರಳುವಾಗ ದಾರಿಯಲ್ಲಿ ಅಶೋಕನ ಶಾಸನದ ಬೆಟ್ಟವು ಕಾಣುತ್ತದೆ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬವನು ಅದನ್ನು ಕಂಡುಹಿಡಿದನು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನು ಮೊದಲು ತೋರಿಸಿಕೊಟ್ಟ ಶಾಸನವೆಂದು ಅದರ ಖ್ಯಾತಿ. ಧರ್ಮದಲ್ಲಿ ನಿರತನಾದರೆ ಕ್ಷುದ್ರನೂ ಆ ಫಲವನ್ನು ಪಡೆಯಬಲ್ಲನು, ಅದು ಉನ್ನತರಿಗೆ ಮಾತ್ರವೆಂದು ತಿಳಿಯಬಾರದು ಎಂಬುದು ಅದರ ಸಾರ. ಇದೇ ಶಾಸನದ ಜ್ಞಾತಿಗಳಾದ, ೧೮೯೨ರಲ್ಲಿ ಬಿ. ಎಲ್. ರೈಸರು ಪತ್ತೆಹಚ್ಚಿದ ಬ್ರಹ್ಮಗಿರಿಯ ಶಾಸನದಲ್ಲಿ ಮತ್ತೊಂದು ವಿಧಿಯಿದೆ: ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು. ಸತಿಪಟ್ಠಾನಸುತ್ತವು ಭ್ರಮಕಾರನ ಶಿಷ್ಯನಿಗೆ ಬಳಸಿದ ಪದವೂ ಇದೇ, ಅಂತೇವಾಸಿ. ವೇದವನ್ನು ಓದುವ ವಟುವಿಗೂ ಮರವನ್ನು ಕಡೆಯುವ ಹುಡುಗನಿಗೂ ಅಂದು ಹೆಸರು ಒಂದೇ ಆಗಿತ್ತು. ಸಮೀಪದಲ್ಲಿ ವಾಸಿಸುವವನೆಂಬುದೇ ಅದರ ವ್ಯುತ್ಪತ್ತಿ.

ಆದುದರಿಂದ ಎರಡನೆಯ ಪ್ರಶ್ನೆಗೆ ಉತ್ತರವು ಹೀಗಾಗುತ್ತದೆ. ಬಳಸಿದ ಯಂತ್ರವನ್ನು ಕೊಳ್ಳುವ ಹೊಸಬನು ಕಬ್ಬಿಣವನ್ನು ಕೊಳ್ಳುತ್ತಾನೆ, ಅದರಲ್ಲಿ ಅಡಗಿರುವ ಹಿಂದಿನವನ ಸವೆತವನ್ನೂ ಕೊಳ್ಳುತ್ತಾನೆ. ಆ ಸವೆತವನ್ನು ಓದುವ ಶಕ್ತಿಯು ಕೊಳ್ಳುವ ದಿನ ಅವನಲ್ಲಿರುವುದಿಲ್ಲ. ಅದು ಇರುವವರ ಸಮೀಪದಲ್ಲಿ ಅವನು ನಿಲ್ಲಬೇಕಾಗುತ್ತದೆ. ನಮ್ಮ ತರುಣನು ವೃದ್ಧರನ್ನು ಕ್ರಯಕ್ಕೆ ಮೊದಲೇ ಕಂಡುದು ಅವನ ಭಾಗ್ಯ. ಅವರಿಲ್ಲದಿದ್ದರೆ ಸದ್ದಿಲ್ಲದೆ ಓಡುತ್ತಿದ್ದ ಆ ಯಂತ್ರಕ್ಕೆ ಅವನು ಪೂರ್ಣ ಬೆಲೆಯನ್ನು ತೆತ್ತು ಬರುತ್ತಿದ್ದನು. ಪಕ್ಕದಲ್ಲಿದ್ದ ಪಂಡಿತನು ಅದಕ್ಕೆ ನಿರ್ದುಷ್ಟವಾದ ಕ್ರಯಪತ್ರವನ್ನು ಬರೆದುಕೊಡುತ್ತಿದ್ದನು.

ಪ್ರಕೃತ ಲೇಖನದಲ್ಲಿ ಚಕ್ರಭ್ರಮದ ವಿಷಯವಾಗಿ ಹೇಳಿದುದನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಬಿನ್ನಹ. ಅಧ್ಯಾಪಕರು ರಘುವಂಶದ ಆರನೆಯ ಸರ್ಗವನ್ನು ಪಾಠ ಹೇಳುವ ದಿನ ವಿದ್ಯಾರ್ಥಿಗಳನ್ನು ಹತ್ತಿರದ ಬಡಗಿಯ ಮನೆಗೆ ಕರೆದೊಯ್ದರೆ ಉತ್ತಮ. ಮಸ್ಕಿಯಲ್ಲಿಯಂತೂ ಈಗ ಅದಕ್ಕೆ ಅನುಕೂಲವುಂಟು. ಬೇವಿನ ಹಸಿಮರದಲ್ಲಿ ಹದಿನೈದು ದಿನ ಕೈ ಪಳಗಿಸಿದ ಮೇಲೆ ಆ ತರುಣನು ಕಡೆದ ಮೊದಲ ವಸ್ತುವು ಒಂದು ಕಡೆಗೋಲು. ಹಸಿಮರವಾದುದರಿಂದ ಅದು ಒಣಗುತ್ತ ಸ್ವಲ್ಪ ಚಪ್ಪಟೆಯಾಯಿತು. ಆದರೂ ಅವನ ಮನೆಯಲ್ಲಿ ಅದರಿಂದಲೇ ಮಜ್ಜಿಗೆಯನ್ನು ಕಡೆಯುತ್ತಿದ್ದಾರೆ.